ಬಳಚು

ಆರನೆಯ ಇಯತ್ತೆ, ಕಿಟಕಿಯ ಬದಿಯ ಬೆಂಚು.
ನಮ್ರತಾ ಅಂಬಿಗ ಡಬ್ಬಿಯ ಮುಚ್ಚಳ ತೆಗೆದಳು.
ನಾನೇ ಅಂದದ್ದು, ಬೇರೆ ಯಾರೂ ಅಲ್ಲ:
"ಜಗಲಿಗೆ ಹೋಗಿ ತಿಂದು ಬಾ ತಂಗಿ,
ಉಳಿದವರಿಗೆ ವಾಸನೆ."
ತಂಗಿ ಎಂದು ಕರೆದೆನಲ್ಲ,
ಅಷ್ಟಕ್ಕೇ ನಾನು ಒಳ್ಳೆಯವಳಾಗಿ
ಮೊಸರನ್ನ ಕಲಸಿದೆ.

ಮರುದಿನ ಅವಳ ಡಬ್ಬಿಯಲ್ಲಿ ಉಪ್ಪಿಟ್ಟು.
ಆಮೇಲಾಮೇಲೆ ಡಬ್ಬಿಯೇ ಇಲ್ಲ,
ಐದು ರೂಪಾಯಿಯ ಕುರುಕಲು ಪೊಟ್ಟಣ,
ಗಾಳಿಯೇ ಜಾಸ್ತಿ.

ಈಗ ಒಂಬತ್ತನೆಯ ಇಯತ್ತೆ.
ಊಟದ ಬಿಡುವಿನಲ್ಲಿ ಹುಡುಗರ ಗುಂಪು,
ನಡುವೆ ಕದ್ದು ತಂದ ಫೋನು.
ಕಸಿದುಕೊಳ್ಳಲು ಹೋದವಳು ನಿಂತೆ:
ಗಾಜಿನಂಥ ಕೆನ್ನೆಯ ಕೊರಿಯಾದ ಹೆಂಗಸು,
ಮುಂದೆ ಹರಿವಾಣದ ತುಂಬ ಬಳಚು,
ಕೆಂಪು ರಸದಲ್ಲಿ ಮಿಂದದ್ದು.
ಒಂದೊಂದೇ ಚಿಪ್ಪು ಬಿಡಿಸಿ ಸೊರ್ರನೆ ಹೀರುತ್ತಾಳೆ.
ಆ ಸೊರ್ರು ಕೇಳಲೆಂದೇ
ಬಾಯಿಯ ಹತ್ತಿರ ಒಂದು ಮೈಕು.
"ಎರಡು ಕೋಟಿ ಜನ ನೋಡಿದ್ದಾರೆ ಅಕ್ಕೋರೇ!"
ಶನಿವಾರ ಈರುಳ್ಳಿಯನ್ನೂ ಮುಟ್ಟದ ಮನೆಯ ಸುಮುಖ
ಬಾಯಿ ನೀರೂರಿಸಿಕೊಂಡು ಕೇಳಿದ:
"ನಮ್ರತಾ, ನಿಮ್ಮನೆಲಿ ಇದು ಮಾಡ್ತಾರೆ ಅಲ್ಲನೇ?
ನಾಳೆ ತಾರೇ."

ಅವಳು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.
"ಬಳಚಾ? ನಮ್ಮನೆಲಿ ಇಲ್ಲ.
ಕೊರಿಯಾದಲ್ಲಿ ಕೇಳು."

ಎಲ್ಲರೂ ನಕ್ಕರು.
ನಾನೂ ನಗಬೇಕಾಯಿತು.

ಭಾನುವಾರ ಇಳಿತದ ಹೊತ್ತಿಗೆ ತದಡಿಯ ಕಡೆ ಹೋದೆ.
ಸೊಂಟದ ತನಕ ಅಘನಾಶಿನಿಯಲ್ಲಿ
ಅವಳ ತಾಯಿ ತುಳಸು. ಕೈಗೆ ಕೆಲಸವಿಲ್ಲ ಇನ್ನೂ,
ಪಾದವೇ ಹುಡುಕುತ್ತದೆ ಕೆಸರಿನೊಳಗೆ,
ಹೆಬ್ಬೆರಳಿಗೆ ತಾಗಿದ ಮೇಲೆ ಬಾಗುವುದು.
ದಡದಲ್ಲಿ ಚಿಪ್ಪಿನ ರಾಶಿ.
ಅದನ್ನು ಸುಟ್ಟ ಸುಣ್ಣವೇ ಅಲ್ಲವೇ
ನಮ್ಮ ದೇವರ ಕೋಣೆಯ ಗೋಡೆಗೆ,
ನಮ್ಮ ಅಜ್ಜ ದಿನಕ್ಕೆ ಹತ್ತು ಸಲ
ಎಲೆಗೆ ಸವರಿ ಮೆಲ್ಲುತ್ತಿದ್ದ ಕವಳಕ್ಕೆ?
ಅದಕ್ಕೆ ಯಾವ ವಾಸನೆಯೂ ಇರಲಿಲ್ಲ.

ಫೋನು ಹಿಡಿದು ತೋರಿಸಿದೆ.
ಒದ್ದೆ ಕೈ ಹಿಂದಕ್ಕೆ ಕಟ್ಟಿ
ತುಳಸು ಕತ್ತು ಚಾಚಿ ನೋಡಿದಳು, ಬಹಳ ಹೊತ್ತು,
ಪಕ್ಕದ ಮನೆಯ ಅಡುಗೆ ನೋಡಿದ ಹಾಗೆ.
"ಅಯ್ಯ, ಅಲ್ಲಿ ಕಾಣಿ,
ಬಾಯಿ ಬಿಡದ್ದನ್ನ ಕಿತ್ತು ತಿಂತಿದೆ ಈ ಹುಡುಗಿ!
ಬೆಂದ ಮೇಲೂ ಬಾಯಿ ಬಿಡಲಿಲ್ಲ ಅಂದ್ರೆ
ಅದು ಮೊದಲೇ ಸತ್ತದ್ದು. ತಿನ್ನೂಕಾಗ.
ಹೇಳೂಕೆ ಯಾರೂ ಇಲ್ಲನ ಇದ್ಕೆ, ಮನೆಲಿ?"

ಎರಡು ಕೋಟಿ ಜನ, ಎಂದೆ.
"ಅಷ್ಟು ಜನ ಇದ್ದೂ" ಎಂದಳು.

ಬುಟ್ಟಿ ತೇಲಿಸಿಕೊಂಡು ಮತ್ತೆ ನೀರಿಗಿಳಿಯುವಾಗ
ತಿರುಗಿ ಕೇಳಿದಳು:
"ನೀವು ತಿನ್ನುವವರಲ್ಲ.
ಮತ್ತೆ ಎಂತಕ್ಕೆ ಬಂದದ್ದು ಅಕ್ಕೋರೇ?"
ಭರತ ಏರುತ್ತಿತ್ತು, ನನ್ನ ಚಪ್ಪಲಿಯ ಕೆಳಗೆ
ಚಿಪ್ಪುಗಳು ಪುಡಿಯಾದವು.
ಬಾಯಿ ಬಿಡಲಿಲ್ಲ ನಾನು.

ಅಂದಿನಿಂದ ನನ್ನ ಫೋನಿಗೆ ಒಂದೇ ಹಟ.
ಕಣ್ಣು ಬಿಟ್ಟರೆ ಬೂಸಾನು, ಬೋಸ್ಟನ್ನು,
ಕಂಡು ಕೇಳದ ಕಡಲುಗಳೆಲ್ಲ
ತಾವಾಗಿ ಬಂದು ತಟ್ಟೆಯಲ್ಲಿ ಕೂರುತ್ತವೆ.
ನಿನ್ನೆ ರಾತ್ರಿ ನಾನೇ ಬೆರಳೊತ್ತಿ
ಅಘನಾಶಿನಿ ಎಂದು ಬರೆದೆ.
ಸಿಕ್ಕಿತು ಒಂದು. ಡ್ರೋನು ಹಾರಿಸಿ ತೆಗೆದದ್ದು.
ಮೇಲೊಂದು ಪಿಯಾನೋ,
ಕೆಳಗೆ ಪ್ರಶಾಂತ ಅಂತ ಇಂಗ್ಲಿಷಿನಲ್ಲಿ.
ಹಸಿರು ನೀರಿನಲ್ಲಿ ಹದಿನಾರು ಕಪ್ಪು ಚುಕ್ಕೆ.
ಹಕ್ಕಿ ಎಂದುಕೊಂಡಿದ್ದಾರೆ ಕೆಲವರು.

ಎರಡು ಬೆರಳಿಂದ ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ,
ತುಳಸು ಯಾವುದು ಅಂತ.
ಚುಕ್ಕೆ ಒಡೆದು ಚೌಕವಾಯಿತು,
ಚೌಕದೊಳಗೆ ಮತ್ತೂ ಬರೀ ಚೌಕ.